ಇಂಗ್ಲೆಂಡಿನ ಹೊಲದಾಗ ಹಾದು ಹಳ್ಳಿ ಪಬ್ಬಿಗೆ: ನಮ್ ಕಡೆ ಮಂದಿಗೆ ಒಂದ್ ಗೈಡ್

ಮುಂಜಾನೆ ಉಣಕಲ್ ಕೆರಿ ಸುತ್ತ ವಾಕಿಂಗ್ ಬರೋ ಮಂದ್ಯಾಗ ಭಾಳ ಜನರ ಮಗನೋ ಮಗಳೋ ಈಗ ಇಂಗ್ಲೆಂಡಿನಾಗ ಅದಾರ. ಬ್ಯಾಸಿಗಿಗೆ ಅಪ್ಪಾರು ಅವ್ವಾರು ಮೂರ್ ತಿಂಗಳು ಹೋಗ್ತಾರ, ಲಂಡನ್ ಬ್ರಿಜ್ಜು ಅರಮನಿ ಎಲ್ಲಾ ಮದಲನೇ ವಾರದಾಗ ಮುಗೀತೈತಿ, ಆಮ್ಯಾಲೆ ಸೋಫಾ ಮ್ಯಾಲೆ ಕುಂತು ಟಿವ್ಯಾಗ ನಮ್ದ ಸೀರಿಯಲ್ ನೋಡೂದು. ಅಷ್ಟೊತ್ತಿಗೆ ಮಗ ಬಂದು "ಅಪ್ಪಾ, ಶನಿವಾರ ಪಬ್ ವಾಕ್ ಹೋಗೂಣು" (ಅಂದ್ರ ಹೊಲ ಗುಡ್ಡ ಹಾದು ನಡಕೋತ ಹಳ್ಳಿ ಪಬ್ಬಿಗೆ ಹೋಗೂದು) ಅಂತಾನ, ಅಪ್ಪಾರ ಮಾರಿ ಗಂಟಾಗ್ತೈತಿ, ಅವ್ವಾರು "ಪಬ್ಬಿನಾಗ ನಮ್ದೇನ್ ಕೆಲಸಪಾ" ಅಂತಾರ. ಆ ಅಪ್ಪಾರಿಗೆ, ಅವ್ವಾರಿಗೆ, ಮತ್ತ ಹೊಸದಾಗಿ ಎಂಎಸ್ ಓದಾಕ ಹೊಂಟಿರೋ ಹುಡುಗೂರಿಗೆ ಬರದಿದ್ದು ಇದು.

ಮದಲ ಬೆಂಗಳೂರಿನ ಪಬ್ಬು ತಲ್ಯಾಗಿಂದ ತಗದ ಹಾಕ್ರಿ. ಕರಿ ಗಾಜು, ಡಿಜೆ, ಬಾಗಲದಾಗ ಬೌನ್ಸರ್ ಯಾವುದೂ ಇಲ್ಲಿಲ್ಲ. ಹಳ್ಳಿ ಪಬ್ ಅಂದ್ರ ಒಂದ್ ಹಳೇ ಮನಿ, ಎತ್ತರದವ್ರ ತಲಿಗೆ ಬಡಿಯೋ ಅಷ್ಟ ತಗ್ಗಿನಾಗ ಕಟ್ಟಿಗಿ ತೊಲಿ, ಥಂಡಿ ಇದ್ರ ಒಳಗ ಬೆಂಕಿಗೂಡು ಉರೀತಿರ್ತೈತಿ, ಮೂಲ್ಯಾಗ ಒಬ್ಬಾಂವ ಅಜ್ಜ ಪೇಪರ್ ಓದ್ತಿರ್ತಾನ, ಟೇಬಲ್ ಕೆಳಗ ಅವನ ನಾಯಿ ಮಲಗಿರ್ತೈತಿ, ಬಾಜೂಕ ಯಾರೋ ಅಜ್ಜಿ ಮೊಮ್ಮಕ್ಕಳನ್ನ ಕರಕೊಂಡು ಊಟಕ್ಕ ಬಂದಿರ್ತಾಳ. ಕುಡಿಯೂದು ಕಂಪಲ್ಸರಿ ಅಲ್ಲ. ಚಹಾ ತಗೊಂಡು ಒಂದ್ ತಾಸು ಕುಂತ್ರೂ ಯಾರೂ ಎಬ್ಬಸಂಗಿಲ್ಲ. 18 ವರ್ಷದ ಕೆಳಗಿನವ್ರಿಗೆ ದಾರೂ ಮಾರಂಗಿಲ್ಲ, ಆದ್ರ ಸಣ್ ಹುಡುಗೂರನ್ನ ದೊಡ್ಡವ್ರ ಜೋಡಿ ಊಟಕ್ಕ ಬಹುತೇಕ ಕಡೆ ಒಳಗ ಬಿಡ್ತಾರ.

ನಡಿಯೋ ಜಾಗಾ ನಮ್ಮವ್ರಿಗೆ ಪಬ್ಬಿಗಿಂತ ವಿಚಿತ್ರ ಅನಸ್ತೈತಿ. ನವಲಗುಂದ ಕಡೆ ಮಂದಿ ಹೊಲದಾಗ ಸುಮ್ನ ಅಡ್ಡ ಹಾದ್ರ "ಏ ಯಾರದು" ಅಂತ ಕೂಗ್ ಬೀಳ್ತೈತಿ, ಅಲ್ಲಿ ಹಂಗಿಲ್ಲ. ಪಬ್ಲಿಕ್ ಫುಟ್‌ಪಾತ್ ಅಂತ ಬೋರ್ಡ್ ಇದ್ದಲ್ಲಿ ರೈತನ ಸ್ವಂತ ಹೊಲದ ನಟ್ಟನಡುವ ನಡ್ಯಾಕ ಕಾನೂನಿನ ಹಕ್ಕು ಐತಿ, ಬೆಳಿ ನಡುವ ದಾರಿ ಹೊಂಟಿತ್ತಂದ್ರ ರೈತ ಉತ್ತಿ ಬಿತ್ತಿದ ಮ್ಯಾಲೂ ಆ ದಾರಿ ಬಿಡಿಸಿ ಕೊಡಬೇಕು. ಬೆಟ್ಟಗುಡ್ಡದ ಮ್ಯಾಲೆ ತಿರಗ್ಯಾಡೋ ಹಕ್ಕೇನ್ ಪುಕ್ಕಟ ಬಂದಿದ್ದಲ್ಲ. 1932ರಾಗ ಕಿಂಡರ್ ಸ್ಕೌಟ್ ಅನ್ನೋ ಗುಡ್ಡದ ಮ್ಯಾಲೆ, ಜಮೀನ್ದಾರ್ರ ಕಾವಲಿನವ್ರನ್ನ ಲೆಕ್ಕಕ್ಕ ಇಡದ ನೂರಾರು ಮಂದಿ ನುಗ್ಗಿದ್ರು, ಐದು ಮಂದಿ ಜೇಲಿಗೆ ಹೋದ್ರು. 1949ರಾಗ ಕಾನೂನ್ ಬಂತು, ಯಾವ್ಯಾವ ಕಾಲ್ದಾರಿ ಸಾರ್ವಜನಿಕರದು ಅಂತ ನಕಾಶಿ ಮ್ಯಾಲೆ ಗೆರಿ ಬಿತ್ತು. ಹೊಲದಾಗ ಹಕ್ಕು ಇರೂದು ಆ ಗೆರಿ ಮ್ಯಾಲೆ ಮಾತ್ರ, ಹೊಲದ ತುಂಬ ಅಡ್ಡಾಡಾಕಲ್ಲ, ಇದನ್ನ ಮರೀಬ್ಯಾಡ್ರಿ.

ಆ ಗೆರಿ ಕಾಣೂದು ಆರ್ಡನೆನ್ಸ್ ಸರ್ವೇ ಅನ್ನೋ ಅಲ್ಲಿನ ಸರಕಾರಿ ಸಂಸ್ಥೆ ನಕಾಶ್ಯಾಗ. ಎಕ್ಸ್‌ಪ್ಲೋರರ್ ಅಂತ ಕಿತ್ತಳಿ ರಟ್ಟಿಂದು ತಗೋರಿ, 1:25,000 ಸ್ಕೇಲು, ಅಂದ್ರ ನಕಾಶ್ಯಾಗ 4 ಸೆಂಟಿಮೀಟರ್ ಇದ್ರ ನೆಲದ ಮ್ಯಾಲೆ 1 ಕಿಲೋಮೀಟರ್. ಹಸರ ತುಂಡ್ ಗೆರಿ ಅಂದ್ರ ಫುಟ್‌ಪಾತ್, ಉದ್ದನ್ನ ಹಸರ ತುಂಡ್ ಅಂದ್ರ ಕುದರಿ ಸೈಕಲ್ಲೂ ಹೋಗೋ ಬ್ರೈಡಲ್‌ವೇ. ನೆಲದ ಮ್ಯಾಲೆ ಕಂಬಕ್ಕ ಹಳದಿ ಬಾಣ ಬಡದಿದ್ರ ಫುಟ್‌ಪಾತ್, ನೀಲಿ ಬಾಣ ಇದ್ರ ಬ್ರೈಡಲ್‌ವೇ. ಮೊಬೈಲ್ ಆ್ಯಪ್‌ನಾಗೂ ಇದೆಲ್ಲಾ ಸಿಗ್ತೈತಿ, ಆದ್ರ ಗುಡ್ಡದ ಸಂದ್ಯಾಗ ನೆಟ್‌ವರ್ಕ್ ಹೋಗ್ತೈತಿ, ಹಿಂದಿನ ರಾತ್ರಿನ ಡೌನ್‌ಲೋಡ್ ಮಾಡಿ ಇಟ್ಕೋರಿ. ಗೂಗಲ್ ಮ್ಯಾಪ್ ನಂಬಿ ಹೊಲದಾಗ ಇಳೀಬ್ಯಾಡ್ರಿ, ಅದು ಕಾರ್ ಓಡೋ ರಸ್ತೆದಾಗ ಶಾಣ್ಯಾ ಅಷ್ಟ. ಪಬ್ ಹುಡಕೂವಾಗ ಊರಿನ ಹೆಸರು ಕೂಡಿಸಿ ಹುಡಕ್ರಿ, ಯಾಕಂದ್ರ ರೆಡ್ ಲಯನ್, ರಾಯಲ್ ಓಕ್ ಅನ್ನೋ ಹೆಸರಿನ ಪಬ್ಬು ನಮ್ಮ ಬಸವೇಶ್ವರ ಖಾನಾವಳಿ ಇದ್ದಂಗ ಎಲ್ಲಾ ಕಡೆ ಅದಾವ. ರಾಯಲ್ ಓಕ್ ಅನ್ನೂದು ಎರಡನೇ ಚಾರ್ಲ್ಸ್ ರಾಜಾ 1651ರಾಗ ಯುದ್ಧ ಸೋತು ಬಾಸ್ಕೊಬೆಲ್‌ದಾಗ ಓಕ್ ಮರ ಏರಿ ಅಡಗಿ ಕುಂತಿದ್ದನಲ್ಲ, ಆ ಮರದ ನೆನಪಿಗೆ ಇಟ್ಟ ಹೆಸರು.

ಈಗ ಮುಖ್ಯ ಮಾತಿಗೆ ಬರ್ತೀನಿ. ಇಡೀ ದಿನದ ಪ್ಲ್ಯಾನು ಪಬ್ಬಿನ ಅಡಿಗಿಮನಿ ಟೈಮಿನ ಮ್ಯಾಲೆ ನಿಂತಿರ್ತೈತಿ. ಪಬ್ ತೆರದೈತಿ ಅಂದ್ರ ಊಟ ಸಿಗ್ತೈತಿ ಅಂತ ಅಲ್ಲ. ಮಧ್ಯಾಹ್ನದ ಊಟ ಸಾಮಾನ್ಯವಾಗಿ 12ರಿಂದ ಎರಡು, ಎರಡೂವರಿ ತನ, ಆಮ್ಯಾಲೆ ಕಿಚನ್ ಬಂದ್, ಸಂಜಿ 6ಕ್ಕ ಮತ್ತ ಚಾಲೂ. ನಮ್ ಕಡೆ ಖಾನಾವಳ್ಯಾಗ ಮೂರಕ್ಕ ಹೋದ್ರೂ "ಕುಂದ್ರಿ ಅಣ್ಣಾರ, ಬಿಸಿ ರೊಟ್ಟಿ ಬಡೀತೀವಿ" ಅಂತಾರ, ಅಲ್ಲಿ ಎರಡೂವರಿಗೆ ಐದ್ ನಿಮಿಷ ತಡ ಆದ್ರ ಬರೇ ಚಿಪ್ಸ್ ಪಾಕೀಟು ಗತಿ. ಕೆಲವು ಹಳ್ಳಿ ಪಬ್ಬು ಸೋಮವಾರ ತೆರೆಯಂಗೇ ಇಲ್ಲ, ಕೆಲವು ಮಧ್ಯಾಹ್ನ ಪೂರ್ತಿ ಬಾಗಲ ಹಾಕ್ತಾವ. ಭಾನುವಾರ ರೋಸ್ಟ್ (ಒಲ್ಯಾಗ ಸುಟ್ಟ ಮಾಂಸ, ಆಲೂಗಡ್ಡಿ) ಊಟದ ದಿನ, ಬುಕ್ ಮಾಡದ ಹೋದ್ರ ಜಾಗಾ ಸಿಗೂದು ಕಷ್ಟ. ಹಿಂಗಾಗಿ ಮದಲ ಪಬ್ಬಿನ ವೆಬ್‌ಸೈಟ್ ನೋಡ್ರಿ, ಇಲ್ಲಾ ಫೋನ್ ಮಾಡಿ "ಕಿಚನ್ ಎಷ್ಟಕ್ಕ ಬಂದ್" ಅಂತ ಕೇಳ್ರಿ, ಆ ಟೈಮಿಂದ ಹಿಂದಕ್ಕ ಲೆಕ್ಕಾ ಹಾಕಿ ಮನಿ ಬಿಡ್ರಿ. ಲೆಕ್ಕ ಸರಳ ಐತಿ: ತಾಸಿಗೆ 4 ಕಿಲೋಮೀಟರ್ ಹಿಡೀರಿ, ಏರು ಭಾಳ ಇದ್ರ 3, ಅದರ ಮ್ಯಾಲೆ ಅರ್ಧ ತಾಸು ಎಕ್ಸ್‌ಟ್ರಾ, ಯಾಕಂದ್ರ ಫೋಟೋ ತಗಿಯೋರು ಇರ್ತಾರಲ್ಲ.

ಉದಾಹರಣಿಗೆ ಒಂದ್ ದಾರಿ ಹೇಳ್ತೀನಿ, ಮದಲನೇ ಸಲಕ್ಕ ನನಗ ಇದ ಎಲ್ಲಾಕ್ಕಿಂತ ಚಲೋ ಅನಸ್ತೈತಿ: ದಕ್ಷಿಣ ಕರಾವಳಿಯ ಸೆವೆನ್ ಸಿಸ್ಟರ್ಸ್ ಅನ್ನೋ ಏಳು ಗುಡ್ಡದ ಸಾಲು, ಸೀಫರ್ಡ್‌ದಿಂದ ಈಸ್ಟ್‌ಬೋರ್ನ್ ತನ. ಸುಮಾರು 22 ಕಿಲೋಮೀಟರ್, ಬಾಜೂಕ ಸಮುದ್ರ, ಸುಣ್ಣದಂಥಾ ಬೆಳ್ಳನ್ನ ಬಂಡಿಗಲ್ಲಿನ ಗೋಡಿ. ಲಂಡನ್ ವಿಕ್ಟೋರಿಯಾ ಸ್ಟೇಷನ್ನಿಂದ ಎಂಟರ ಸುಮಾರಿಗೆ ಹತ್ರಿ, ಲೂಯಿಸ್‌ದಾಗ ಗಾಡಿ ಬದಲಿ ಮಾಡಿ ಸೀಫರ್ಡ್ ಇಳೀರಿ. ಮೂರರಿಂದ ಒಂಬತ್ತು ಮಂದಿ ಇದ್ರ ಗ್ರೂಪ್‌ಸೇವ್ ಅಂತ ಕೇಳ್ರಿ, ರಶ್ ಇಲ್ಲದ ಟೈಮಿನಾಗ ಟಿಕೇಟಿನ ಮೂರನೇ ಒಂದು ಪಾಲು ಉಳೀತೈತಿ. ಊರು ದಾಟಿ ಗುಡ್ಡ ಹತ್ತಿ ಇಳದ್ರ ಕಕ್‌ಮಿಯರ್ ನದಿ ಸಮುದ್ರ ಸೇರೋ ಜಾಗಾ, ಎಲ್ಲಾರ ಕ್ಯಾಲೆಂಡರಿನಾಗ ಇರೋ ಫೋಟೋ ಅಲ್ಲಿಂದ ತಗದಿದ್ದು. ನದಿ ಎದುರಿಗೇ ಕಾಣ್ತೈತಿ, ಆದ್ರ ಅಲ್ಲಿ ಸೇತುವೆ ಇಲ್ಲ, ದಂಡಿಗುಂಟ ಎರಡ್ ಕಿಲೋಮೀಟರ್ ಒಳಗ ಎಕ್ಸೀಟ್ ತನ ಹೋಗಬೇಕು. ಬ್ರಿಜ್ಜಿನ ಬಾಜೂಕನ ಕಕ್‌ಮಿಯರ್ ಇನ್. ಹನ್ನೆರಡರ ಸುಮಾರಿಗೆ ಮುಟ್ಟಿರ್ತೀರಿ, ಊಟ ಇಲ್ಲೇ ಮುಗಸ್ರಿ. ಭಾಳ ಮಂದಿ "ಇನ್ನೂ ಹಸಿವಿಲ್ಲ, ಮುಂದಿನ ಪಬ್ಬಿನಾಗ ಉಣ್ಣೂಣು" ಅಂತಾರ, ಮುಂದಿನದು ಏಳು ಗುಡ್ಡ ಆದ ಮ್ಯಾಲೆ ಐತಿ ಮತ್ತ ಅಷ್ಟೊತ್ತಿಗೆ ಅಲ್ಲಿ ಕಿಚನ್ ಬಂದ್ ಆಗೂ ಟೈಮು.

ಎಕ್ಸೀಟ್‌ದಿಂದ ಮ್ಯಾಲೆ ಹತ್ತಿದ್ರ ಹೇವನ್ ಬ್ರೌ, 77 ಮೀಟರ್, ಏಳು ಅಕ್ಕತಂಗ್ಯಾರೊಳಗ ಎತ್ತರದಾಕಿ. ಅಲ್ಲಿಂದ ಹತ್ತೂದು ಇಳಿಯೂದು, ಹತ್ತೂದು ಇಳಿಯೂದು. ಒಂದೊಂದೂ ಸಣ್ಣದು, ಆದ್ರ ಕಡಿದಾಗಿರ್ತಾವ, ಮೊಣಕಾಲಿಗೆ ಗೊತ್ತಾಗೂದು ನಾಕನೇದರ ಮ್ಯಾಲೆ. ಹುಬ್ಬಳ್ಳ್ಯಾಗ ಇದ್ದಾಗ ನೃಪತುಂಗ ಬೆಟ್ಟ ಒಂದ ಮುಂಜಾನೆ ಮೂರ್ನಾಕ್ ಸಲ ಹತ್ತಿ ಇಳದು ಪ್ರ್ಯಾಕ್ಟೀಸ್ ಮಾಡಿ ಹೋದ್ರ ಇದು ಆರಾಮ ಆಗ್ತೈತಿ. ಶ್ರೀಶೈಲಕ್ಕ ಪಾದಯಾತ್ರೆ ಮಾಡಿದವ್ರಿಗೆ ಅಂತೂ ದೂರ ಏನೂ ಅಲ್ಲ. ಬಂಡಿ ಅಂಚಿಗೆ ಮಾತ್ರ ಹೋಗಬ್ಯಾಡ್ರಿ, ಕೈ ಮುಗದ್ ಹೇಳ್ತೀನಿ. ಅದು ಮೆತ್ತಗಿನ ಸೀಮಿಸುಣ್ಣದ ಕಲ್ಲು, ಕೆಳಗ ಸಮುದ್ರ ಕೊರದು ಟೊಳ್ಳ ಮಾಡಿರ್ತೈತಿ, ಮ್ಯಾಲೆ ಹುಲ್ಲು ಗಟ್ಟಿ ಕಾಣ್ತೈತಿ, ಹೇಳದ ಕೇಳದ ಕುಸೀತೈತಿ. ಮುಂದ ಬರ್ಲಿಂಗ್ ಗ್ಯಾಪ್ ದಾಟಿದ ಮ್ಯಾಲೆ ಬೆಲ್ ಟೌಟ್ ಅಂತ ಹಳೇ ಲೈಟ್‌ಹೌಸ್ ಬರ್ತೈತಿ, ಬಂಡಿ ಸವದು ಸವದು ಅದರ ಬುಡಕ್ಕ ಬಂತಂತ 1999ರಾಗ ಇಡೀ ಕಟ್ಟಡಾನ ಎತ್ತಿ 17 ಮೀಟರ್ ಹಿಂದಕ್ಕ ಸರಿಸ್ಯಾರ. ಕಟ್ಟಡಾನ ಹಿಂದ ಸರದೈತಿ, ಸೆಲ್ಫಿ ತಗಿಯೋರು ಯಾಕ ಮುಂದ ಹೋಗ್ತಾರೋ.

ಏಳು ಗುಡ್ಡ ಮುಗದಲ್ಲಿ ಬರೂದ ಈ ಬರ್ಲಿಂಗ್ ಗ್ಯಾಪ್, ಟಾಯ್ಲೆಟ್ಟು, ಕೆಫೆ ಅದಾವ. ಅಲ್ಲಿಂದ ಒಳಗ ಒಂದೂವರಿ ಕಿಲೋಮೀಟರಿಗೆ ಈಸ್ಟ್ ಡೀನ್ ಹಳ್ಳಿ, ಹಸರ ಹುಲ್ಲಿನ ಬಯಲು, ಅದರ ದಂಡಿಗೆ ಟೈಗರ್ ಇನ್. ಬಿಸಲ ಇದ್ರ ಎಲ್ಲಾರೂ ಗ್ಲಾಸ್ ಹಿಡಕೊಂಡು ಹುಲ್ಲಿನ ಮ್ಯಾಲೆ ಕಾಲ್ ಚಾಚಿರ್ತಾರ. ಬೂಟ್ ಬಿಚ್ಚಿ ಕಾಲಿಗೆ ಗಾಳಿ ಕೊಡ್ರಿ, ಅರ್ಧ ತಾಸು ಕುಂದ್ರಿ. ಇಲ್ಲಿಗೆ ಅಪ್ಪಾರಿಗೆ ಸಾಕಾಗಿದ್ರ ಅಲ್ಲೇ ದೊಡ್ಡ ರಸ್ತೆದಾಗ ಈಸ್ಟ್‌ಬೋರ್ನಿಗೆ ಬಸ್ ಸಿಗ್ತೈತಿ, ಎಕ್ಸೀಟ್‌ದಾಗೂ ಅದ ಬಸ್ ನಿಂದರ್ತೈತಿ, ಹಿಂಗಾಗಿ ನಡುವ ಬಿಟ್ಟು ಹೋಗಾಕ ಎರಡ್ ಕಡೆ ದಾರಿ ಐತಿ, ಈ ರೂಟ್ ಆರಸಾಕ ನನಗ ದೊಡ್ಡ ಕಾರಣ ಇದ. ಕಾಲಿನಾಗ ದಮ್ ಇದ್ದವ್ರು ಬೀಚಿ ಹೆಡ್ ಹತ್ತಿ ಈಸ್ಟ್‌ಬೋರ್ನಿಗೆ ಇಳೀರಿ, ಅದು 162 ಮೀಟರ್. ಈಸ್ಟ್‌ಬೋರ್ನಿಂದ ವಿಕ್ಟೋರಿಯಾಕ್ಕ ಸೀದಾ ಟ್ರೇನ್ ಐತಿ. ಜೂನ್‌ದಾಗ ರಾತ್ರಿ 9ರ ತನ ಬೆಳಕಿರ್ತೈತಿ, ಅವಸರ ಇಲ್ಲ. ಡಿಸೆಂಬರಿನಾಗ 4ಕ್ಕ ಮದಲ ಹೊತ್ತು ಮುಳಗ್ತೈತಿ, ಆವಾಗ ಈ ದಾರಿ ಅರ್ಧ ಮಾತ್ರ ಮಾಡ್ರಿ.

ಹಾಕ್ಕೊಳ್ಳೋ ವಿಷಯ. ಸ್ಪೋರ್ಟ್ಸ್ ಬೂಟು ಬ್ಯಾಸಿಗ್ಯಾಗ ನಡೀತಾವ, ಮಳಿ ಆದ ಮ್ಯಾಲೆ ನೀರ್ ಹೋಗದ ಬೂಟ ಬೇಕು. ಇಂಗ್ಲೆಂಡಿನ ಹೊಲದ ಕೆಸರು ಗದಗ ಕಡೆ ಎರಿ ಹೊಲದ ಕೆಸರಿನಷ್ಟ ಜಿಗಟು, ಹೆಜ್ಜಿಗೊಂದ್ ಪಾವಕಿಲೋ ಬೂಟಿಗೆ ಹತ್ತತೈತಿ. ಜೀನ್ಸ್ ಬ್ಯಾಡ, ತೊಯ್ದ್ರ ಒಣಗಂಗಿಲ್ಲ. ಛತ್ರಿ ಬ್ಯಾಡ, ಆ ಗಾಳಿಗೆ ಉಲ್ಟಾ ಆಗ್ತೈತಿ, ಟೊಪ್ಪಿಗಿ ಇರೋ ರೇನ್ ಜಾಕೆಟ್ ಬೇಕು. ಹೆಣ್ಮಕ್ಕಳು ಆ ದಿನ ಸೀರಿ ಬಿಟ್ಟು ಪ್ಯಾಂಟೋ ಚೂಡಿದಾರೋ ಹಾಕ್ಕೊಂಡ್ರ ಚಲೋ, ಯಾಕಂದ್ರ ಬೇಲಿ ದಾಟೋ ಕಡೆ ಸ್ಟೈಲ್ ಅಂತ ಕಟ್ಟಿಗಿ ಮೆಟ್ಟಲ ಇರ್ತೈತಿ, ಅದರ ಮ್ಯಾಲೆ ಹತ್ತಿ ಕಾಲ್ ಎತ್ತಿ ಆ ಕಡೆ ಇಳೀಬೇಕು. ಇನ್ನೊಂದ್ ನಮೂನಿ ಕಿಸ್ಸಿಂಗ್ ಗೇಟ್, ಹೆಸರ ಕೇಳಿ ನಗಬ್ಯಾಡ್ರಿ, ಅರ್ಧ ಗೋಲ ಕಟಕಟಿ ನಡುವ ಒಂದ್ ಗೇಟು ತೂಗ್ತಿರ್ತೈತಿ, ಒಬ್ಬರು ಒಳಗ ಹೋಗಿ ಮೂಲಿಗೆ ಸರೀಬೇಕು, ಗೇಟ್ ಹಿಂದಕ್ಕ ತಳ್ಳಿ ಹೊರಗ ಬರಬೇಕು, ಆಮ್ಯಾಲೆ ಮುಂದಿನವ್ರು. ದೊಡ್ಡ ಬ್ಯಾಗ್ ಇದ್ರ ಸಿಕ್ಕಾಕ್ಕೋತೀರಿ, ಬ್ಯಾಗ್ ತಲಿ ಮ್ಯಾಲೆ ಎತ್ತಿ ಹಿಡೀರಿ. ಹೊಲದ ಗೇಟು ಹೆಂಗಿತ್ತೋ ಹಂಗ ಬಿಡ್ರಿ: ಹಾಕಿದ್ರ ಹಾಕಿ, ತೆರದಿದ್ರ ತೆರದು.

ದನದ ಬಗ್ಗೆ ಒಂದ್ ಮಾತು ಬಿಡಿಸಿ ಹೇಳಬೇಕು, ಯಾಕಂದ್ರ ನಮ್ಮವ್ರಿಗೆ ದನದ ಅಂಜಿಕಿ ಇಲ್ಲ. ಆಕಳ ಕಂಡ ಕೂಡ್ಲೆ ಹಣಿ ಮುಟ್ಟಿ ನಮಸ್ಕಾರ ಮಾಡಾಕ ಹೋಗ್ತಾರ. ಅಲ್ಲಿ ದನ ಮೂಗದಾಣ ಇಲ್ಲದ ಹೊಲದಾಗ ಹಿಂಡಾಗಿ ಬಿಟ್ಟಿರ್ತಾವ, ಕರು ಜೋಡಿ ಇರೋ ಆಕಳು ಹಾಯಾಕ ಬರ್ತಾವ, ಮಂದಿ ಸತ್ತದ್ದೂ ಐತಿ. ದೂರಿಂದ ಸುತ್ತಿ ಹೋಗ್ರಿ, ಕರು ಮತ್ತ ತಾಯಿ ನಡುವ ಹಾಯಬ್ಯಾಡ್ರಿ, ಓಡಬ್ಯಾಡ್ರಿ. ಜೋಡಿ ನಾಯಿ ಇದ್ದು ದನ ಬೆನ್ನ ಹತ್ತಿದ್ರ ನಾಯಿ ಹಗ್ಗ ಬಿಟ್ಟಬಿಡ್ರಿ, ಅದು ತಪ್ಪಿಸ್ಕೋತೈತಿ. ಬೇಲಿ ಗುಂಟ ತುರಚಿ ಗಿಡ ಭಾಳ, ಉದ್ದ ಹುಲ್ಲಿನಾಗ ಉಣ್ಣಿ ಇರ್ತಾವ, ಪ್ಯಾಂಟ್ ಸಾಕ್ಸಿನ ಒಳಗ ಸೇರಿಸಿ ನಡೀರಿ.

ಪಬ್ಬಿನ ಬಾಗಲಕ್ಕ ಬಂದ್ರಿ ಅಂತ ತಿಳ್ಕೋರಿ. ಬೂಟಿಗೆ ಕೆಸರಿದ್ರ ಹೊರಗ ಉಜ್ಜಿ ಕೆರೀರಿ, ಭಾಳ ಇದ್ರ ಬಿಚ್ಚಿ ಬಾಗಲದಾಗ ಇಟ್ಟು ಬರೇ ಸಾಕ್ಸಿನಾಗ ಒಳಗ ಹೋಗ್ರಿ, ಅಲ್ಲಿ ಅದು ನಾಚಿಕಿ ಅಲ್ಲ. ಇನ್ನೊಂದ್ ಜೋಡಿ ಒಣ ಸಾಕ್ಸ್ ಬ್ಯಾಗಿನಾಗ ಇರಲಿ. ಒಳಗ ಹೋಗಿ ಟೇಬಲ್ಲಿಗೆ ಕುಂತು ವೇಟರ್ ದಾರಿ ಕಾಯಬ್ಯಾಡ್ರಿ. ನಮ್ಮ ಹಾವೇರಿ ಮಾವಾರು ಹಿಂಗ ಕುಂತು ಕುಂತು, "ಇವ್ರಿಗೆ ಗಿರಾಕಿ ಬ್ಯಾಡೇನ" ಅಂತ ಸಿಟ್ಟಿಗೆದ್ದು ಹೊರಗ ಬಂದಿದ್ರು, ಪಾಪ ಕೌಂಟರಿನ ಹುಡುಗಿಗೆ ಇವ್ರಿಗೆ ಏನರ ಬೇಕಾಗೇತಿ ಅಂತಾನ ಗೊತ್ತಿಲ್ಲ. ಟೇಬಲ್ ಹಿಡೀರಿ, ಟೇಬಲ್ ಮ್ಯಾಲಿನ ನಂಬರ್ ನೋಡ್ಕೋರಿ, ಒಬ್ಬರು ಎದ್ದು ಬಾರ್ ಕೌಂಟರಿಗೆ ಹೋಗ್ರಿ. ಕೌಂಟರಿನಾಗ ಸಾಲು ಕಾಣಂಗಿಲ್ಲ, ಎಲ್ಲಾರೂ ಅಡ್ಡ ನಿಂತಿರ್ತಾರ, ಆದ್ರ ಯಾರು ಮದಲ ಬಂದ್ರು ಅನ್ನೂದು ಎಲ್ಲಾರ ತಲ್ಯಾಗ ಇರ್ತೈತಿ. ನಿಮಗಿಂತ ಮದಲ ಬಂದವ್ರು ಇದ್ದು ನಿಮ್ಮನ್ನ ಕೇಳಿದ್ರ, ಅವ್ರ ಕಡೆ ಕೈ ತೋರಸ್ರಿ, ನಿಮ್ಮ ಬಗ್ಗೆ ಅಲ್ಲಿ ಗೌರವ ಒಮ್ಮಿಗೇ ಏರ್ತೈತಿ. ಚಿಟಿಕಿ ಹೊಡಿಯೂದು, ನೋಟ್ ಬೀಸೂದು, "ಬಾಸ್" ಅನ್ನೂದು ಬ್ಯಾಡ. ಕುಡಿಯಾಕ ಏನು, ಉಣ್ಣಾಕ ಏನು, ಟೇಬಲ್ ನಂಬರ್ ಎಷ್ಟು ಅಂತ ಹೇಳಿ, ಅಲ್ಲೇ ರೊಕ್ಕ ಕೊಟ್ಟು (ಕಾರ್ಡ್ ಬಹುತೇಕ ಎಲ್ಲಾ ಕಡೆ ನಡೀತೈತಿ), ಗ್ಲಾಸ್ ನೀವ ಎತ್ಕೊಂಡ್ ಬರ್ರಿ, ಊಟ ಟೇಬಲ್ಲಿಗೆ ತಂದ್ ಕೊಡ್ತಾರ. ಟಿಪ್ಸ್ ಕೊಡೋ ರಿವಾಜ್ ಕೌಂಟರಿನಾಗ ಇಲ್ಲ. ಹೋಗೂವಾಗ ಖಾಲಿ ಗ್ಲಾಸ್ ಕೌಂಟರಿಗೆ ಇಟ್ಟು "ಚಿಯರ್ಸ್" ಅಂದ್ರ ಸಾಕು, ಅಲ್ಲಿ ಥ್ಯಾಂಕ್ಸಿಗೂ ಅದ ಅಂತಾರ.

ಕುಡಿಯೋರಿಗೆ: ಕೌಂಟರಿನ ಮ್ಯಾಲೆ ಉದ್ದನ್ನ ಹಿಡಿಕಿ ನಿಂತಿರ್ತಾವ, ಪ್ರತಿ ಹಿಡಿಕಿಗೂ ಬೀರಿನ ಹೆಸರಿನ ಬಿಲ್ಲೆ. ಹುಡುಗಿ ಗ್ಲಾಸ್ ಓರಿ ಹಿಡದು ಹಿಡಿಕಿ ತನ್ನ ಕಡೆ ನಿಧಾನ ಎಳೀತಾಳ, ಎರಡ್ ಮೂರ್ ಎಳತಕ್ಕ ಗ್ಲಾಸ್ ತುಂಬತೈತಿ, ಮ್ಯಾಲೆ ತೆಳ್ಳಗ ನೊರಿ. ಅದು ಕಾಸ್ಕ್ ಏಲ್, ಕೆಳಗ ನೆಲಮಾಳಗಿ ಪೀಪಾಯಿದಾಗ ಯೀಸ್ಟ್ ಇನ್ನೂ ಜೀವಂತ ಇರ್ತೈತಿ, ಸುಮಾರು 12 ಡಿಗ್ರಿ ಥಂಡಿ, ಗ್ಯಾಸ್ ಕಮ್ಮಿ. ನಮ್ ಕಡೆ ಫ್ರಿಜ್ಜಿನಿಂದ ಬೆವತ ಬಾಟ್ಲಿ ಕುಡದವ್ರಿಗೆ ಮದಲನೇ ಗುಟಕು "ಇದೇನ್ ಬೆಚ್ಚಗೈತಿ" ಅನಸ್ತೈತಿ, ಅದು ಕೆಟ್ಟಿಲ್ಲ, ಅದು ಇರೂದ ಹಂಗ. ಈ ನಮೂನಿ ಬೀರು ಉಳೀಲಿ ಅಂತ 1971ರಾಗ ಕುಡಿಯೋರ ಸಂಘಾನ ಕಟ್ಯಾರ ಅಲ್ಲಿ. ಯಾವುದು ಅಂತ ತಿಳೀಲಿಲ್ಲಂದ್ರ ರುಚಿ ನೋಡಾಕ ಸಣ್ಣ ಗ್ಲಾಸಿನಾಗ ಕೇಳ್ರಿ, ಕೊಡ್ತಾರ. ಪಿಂಟ್ ಅಂದ್ರ 568 ಎಂಎಲ್, ಪಬ್ಬಿಗೊಂದು ಪಿಂಟ್ ಅಂತ ಹೊಂಟ್ರ ಮೂರನೇ ಪಬ್ಬಿನ ಹೊತ್ತಿಗೆ ಬಂಡಿ ಅಂಚು ಯಾವ ಕಡೆ ಅನ್ನೂದು ಮರತಿರ್ತೀರಿ, ಹಿಂಗಾಗಿ ಹಾಫ್ ಅಂತ ಹೇಳ್ರಿ. ಇನ್ನೊಂದು, ಅಲ್ಲಿ ರೌಂಡ್ ಪದ್ಧತಿ: ಒಬ್ಬ ಎಲ್ಲಾರಿಗೂ ಕೊಡಸ್ತಾನ, ಮುಂದಿನ ಸಲ ಇನ್ನೊಬ್ಬ. ಒಂದ್ ಸಲ ಕುಡದ್ರಿ ಅಂದ್ರ ನಿಮ್ಮ ಪಾಳಿ ಬರ್ತೈತಿ, ಜಾರಕೋಬ್ಯಾಡ್ರಿ, ಬ್ಯಾಡಾಗಿದ್ರ ಮದಲ ಹೇಳ್ರಿ.

ಕುಡಿಯದವ್ರಿಗೆ ಲೈಮ್ ಆ್ಯಂಡ್ ಸೋಡಾ, ಅಗ್ಗ ಮತ್ತ ನಡದ ಬಾಯಿಗೆ ಭಾಳ ಚಲೋ. ಜಿಂಜರ್ ಬೀರ್ ಹೆಸರಿಗಷ್ಟ ಬೀರು, ಆದ್ರ ಆಲ್ಕೋಹಾಲ್ ಇರೋ ನಮೂನಿನೂ ಬಂದಾವ, ಕೇಳಿ ತಗೋರಿ.

ಊಟದಾಗ ಪಕ್ಕಾ ಶಾಕಾಹಾರಿಗಳು ಕಣ್ ತೆರದಿರಬೇಕು. ಗ್ರೇವಿ ಅಂದ್ರ ನಮ್ಮ ಪನೀರ್ ಗ್ರೇವಿ ಅಲ್ಲ, ಮಾಂಸದ ರಸದ್ದು. ಯಾರ್ಕ್‌ಷೈರ್ ಪುಡಿಂಗಿನಾಗ (ಅದು ಸಿಹಿ ಅಲ್ಲ, ರೋಸ್ಟ್ ಜೋಡಿ ಕೊಡೋ ಉಬ್ಬಿದ ಹಿಟ್ಟಿನದು) ತತ್ತಿ ಇರ್ತೈತಿ, ಎಷ್ಟೋ ಸಲ ದನದ ಕೊಬ್ಬಿನಾಗ ಬೇಯಸ್ತಾರ. ಚಿಪ್ಸ್ (ಊಟದ ಜೋಡಿ ಬರೂದು, ಫ್ರೆಂಚ್ ಫ್ರೈಸ್ ನಮೂನಿ) ಕೂಡ ಕೆಲವು ಕಡೆ ಅದ ಕೊಬ್ಬಿನಾಗ ಇಲ್ಲಾ ಮೀನ್ ಕರದ ಎಣ್ಣ್ಯಾಗ ಕರೀತಾರ, ಬೇರೆ ಎಣ್ಣಿ ಐತೇನು ಅಂತ ಕೇಳೂದ್ರಾಗ ತಪ್ಪಿಲ್ಲ. ಕಾಸ್ಕ್ ಏಲ್ ತಿಳಿ ಮಾಡಾಕ ಹಳೇ ಪದ್ಧತ್ಯಾಗ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕ್ತಾರ, ಶಾಕಾಹಾರಿ ಇದ್ದೂ ಬೀರ್ ಕುಡಿಯೋ ನಮ್ಮ ದೋಸ್ತರಿಗೆ ಇದನ್ನ ಹೇಳಿದ್ರ ಮೂರ್ ದಿನ ಮಾತಾಡಸಂಗಿಲ್ಲ. ನಂಬಿಗಸ್ತ ಐಟಮ್ ಅಂದ್ರ ಪ್ಲೌಮನ್ಸ್ ಲಂಚ್ (ಬ್ರೆಡ್ಡು, ಚೀಸ್ ಗಡ್ಡಿ, ಉಳ್ಳಾಗಡ್ಡಿ, ಉಪ್ಪಿನಕಾಯಿ ನಮೂನಿ ಸಿಹಿ ಚಟ್ನಿ, ಹ್ಯಾಮ್ ಬ್ಯಾಡ ಅಂತ ಹೇಳ್ರಿ), ಇಲ್ಲಾ ಜ್ಯಾಕೆಟ್ ಪೊಟ್ಯಾಟೊ, ಸಿಪ್ಪಿ ಸಮೇತ ಸುಟ್ಟ ದೊಡ್ಡ ಆಲೂಗಡ್ಡಿ, ಸೀಳಿ ಬೆಣ್ಣಿ ಬೀನ್ಸ್ ಹಾಕಿ ಕೊಡ್ತಾರ. ಅದರ ಮ್ಯಾಲೆ ಕಿಸೇದಾಗಿಂದ ಗುರೆಳ್ಳ ಚಟ್ನಿ ತಗದು ಉದುರಸ್ರಿ, ಯಾರೂ ಏನೂ ಅನ್ನಂಗಿಲ್ಲ. ಆದ್ರ ಮನಿಯಿಂದ ತಂದ ಕಡಕ ರೊಟ್ಟಿ ಡಬ್ಬಿ ಪಬ್ಬಿನ ಟೇಬಲ್ ಮ್ಯಾಲೆ ಬಿಚ್ಚಬ್ಯಾಡ್ರಿ, ಅದನ್ನ ಗುಡ್ಡದ ಮ್ಯಾಲೆ ಕುಂತು ತಿನ್ನೂದು.

ಮಗ ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆ ಇದ್ರ ಆ ಎರಡೂ ಊರಿನ ನಡುವ ಓಡೋ ಟ್ರೇನಿನಾಗ ಈಡೇಲ್ ಇಳೀರಿ, ಅಲ್ಲಿನ ಓಲ್ಡ್ ನ್ಯಾಗ್ಸ್ ಹೆಡ್ ಪಬ್ಬಿನ ಮುಂದಿಂದ ಪೆನ್ನೈನ್ ವೇ ಅನ್ನೋ ಉದ್ದನ್ನ ಕಾಲ್ದಾರಿ ಚಾಲೂ ಆಗ್ತೈತಿ. ಪೂರ್ತಿ 268 ಮೈಲಿ, ಅದು ಹುಡುಗೂರ ಕೆಲಸ, ದಾರ್ಯಾಗ 528 ಮೀಟರ್ ಎತ್ತರದಾಗ ಟ್ಯಾನ್ ಹಿಲ್ ಇನ್ ಸಿಗ್ತೈತಿ, ಬ್ರಿಟನ್ನಿನ ಎಲ್ಲಾಕ್ಕಿಂತ ಎತ್ತರದ ಪಬ್ಬು. ಮೊಣಕಾಲ್ ನೋವಿದ್ದವ್ರಿಗೆ ಗುಡ್ಡ ಬ್ಯಾಡ, ಲಂಡನ್ನಿನಾಗ ಥೇಮ್ಸ್ ದಂಡಿಗುಂಟ ರಿಚ್ಮಂಡ್‌ದಿಂದ ಕಿಂಗ್‌ಸ್ಟನ್ ಹಾದು ಹ್ಯಾಂಪ್ಟನ್ ಕೋರ್ಟ್ ತನ ಸಪಾಟ ದಾರಿ ಐತಿ, ಸುಮಾರು 12 ಕಿಲೋಮೀಟರ್, ನಡುವ ಬ್ಯಾಸರಾದ್ರ ಕಿಂಗ್‌ಸ್ಟನ್ನಿನಾಗ ಟ್ರೇನ್ ಹತ್ತಬಹುದು. ಅದಕ್ಕೂ ಮದಲ ರಿಚ್ಮಂಡಿನ ವೈಟ್ ಕ್ರಾಸ್ ಪಬ್ಬಿನಾಗ ಕುಂದ್ರೂ ವಿಚಾರ ಇದ್ರ ಭರತಿ ಟೈಮ್ ನೋಡ್ಕೊಂಡ್ ಹೋಗ್ರಿ, ನದಿ ಏರಿದಾಗ ನೀರು ಬಾಗಲ ತನ ಬರ್ತೈತಿ, ಹೊರಗ ಬೂಟ್ ಬಿಟ್ಟಿದ್ರ ಅವೂ ಹೋಗ್ತಾವ.